ಸೋಪಿನ ಗುಳ್ಳೆಗೆ ಎರಡು ಮೈ

೧
ಎಲ್ಲಿಂದ ಶುರು ಮಾಡಲಿ? ಗೋಲಿಯಿಂದ ಮಾಡಬಹುದಿತ್ತು: ಎಣ್ಣೆ ತುಂಬಿದ ಗಾಜಿನ ಜಾಡಿಯಲ್ಲಿ ಉಕ್ಕಿನ ಗೋಲಿಯೊಂದು ಇಳಿಯುತ್ತಿದೆ. ಇಳಿಯುತ್ತ ಇಳಿಯುತ್ತ ಅದರ ವೇಗ ಏರುವುದೇ ನಿಂತುಹೋಗಿದೆ. (ಚೆನ್ನಾಗಿದೆ. ಆದರೆ ಗೋಲಿಗೆ ಮಧ್ಯಾಹ್ನ ಎರಡಕ್ಕೆ ಪರೀಕ್ಷೆಯಿಲ್ಲ, ತಂಗಿಗಿದೆ. ಹೊಡೆದುಹಾಕಿದೆ.)

೨
ನೇರವಾಗಿಯೇ ಹೇಳುತ್ತೇನೆ, ಓದುಗರೇ. ನಾನು ಫಿಸಿಕ್ಸ್ ಪದವೀಧರೆ. ಮೆಡಿಕಲ್ ಪ್ರವೇಶ ಪರೀಕ್ಷೆಗೆ ತಂಗಿಯನ್ನು ತಯಾರು ಮಾಡಿದವಳು ನಾನೇ. ಘನ, ದ್ರವಗಳ ಪಾಠಕ್ಕೆ ಅವಳು ಪುಸ್ತಕ ಮುಟ್ಟಿಲ್ಲ, ನನ್ನ ನೋಟ್ಸನ್ನೇ ಕಣ್ಣುಮುಚ್ಚಿ ನಂಬಿದ್ದಾಳೆ. ಇವತ್ತು ಬೆಳಿಗ್ಗೆ ಅದನ್ನು ತಿರುವಿಹಾಕುವಾಗ ಕಂಡಿತು: ಸೋಪಿನ ಗುಳ್ಳೆಯೊಳಗಿನ ಹೆಚ್ಚುವರಿ ಒತ್ತಡ, ಎರಡು ಟಿ ಬೈ ಆರ್. (ಟಿ ಎಂದರೆ ಮೇಲ್ಮೈಯ ಎಳೆತ, ಆರ್ ಎಂದರೆ ತ್ರಿಜ್ಯ.) ನನ್ನದೇ ದುಂಡಕ್ಷರ. ಸುತ್ತಲೂ ಕೆಂಪು ಚೌಕ ಬೇರೆ!

ಅದು ನೀರಿನ ಹನಿಯ ಸೂತ್ರ, ಹನಿಗೆ ಒಂದೇ ಮೈ. ಗುಳ್ಳೆಗೆ ಒಳಗೊಂದು ಮೈ, ಹೊರಗೊಂದು ಮೈ. ನಾಲ್ಕು ಟಿ ಬೈ ಆರ್ ಆಗಬೇಕಿತ್ತು.

೩
ಹೇಳಿಬಿಡಬಹುದಲ್ಲ ಅನ್ನುತ್ತೀರಿ. ಹೋದ ವರ್ಷ ಪರೀಕ್ಷೆಯ ಬಾಗಿಲಲ್ಲಿ ಗೆಳತಿಯೊಬ್ಬಳು ಒಂದೇ ಒಂದು ಸೂತ್ರದ ಬಗ್ಗೆ "ಅದು ಹಾಗಲ್ಲ ಅನ್ಸತ್ತೆ" ಎಂದಿದ್ದಳು. ತಂಗಿ ಒಳಗೆ ಕೂತು, ಬರುತ್ತಿದ್ದ ಸೂತ್ರಗಳನ್ನೆಲ್ಲ ಅನುಮಾನಿಸಿ, ಹನ್ನೊಂದು ಲೆಕ್ಕ ಖಾಲಿ ಬಿಟ್ಟು ಬಂದಳು. ಇದೇ ಕೊನೆಯ ಸಲ ಎಂದು ಅಪ್ಪ ಹೇಳಿದ್ದಾರೆ. ಹೇಳದಿದ್ದರೆ ಒಂದು ಲೆಕ್ಕ ಹೋದೀತು, ಹೇಳಿದರೆ ಎಲ್ಲವೂ. ಅದಕ್ಕೇ ಬರೆಯುತ್ತ ಕೂತಿದ್ದೇನೆ. (ಬಾಯಿ ಒಣಗಿದಾಗ ಡೈರಿ ತೆರೆಯುವುದು ನನ್ನ ಹಳೆಯ ರೋಗ.)

೪
ಮೊದಲ ಮುಕ್ತಾಯ: ಇಬ್ಬರೂ ದೊಡ್ಡದೊಂದು ಗುಳ್ಳೆಯೊಳಗೆ ಕೂತಿದ್ದೇವೆ. ಕಿಟಕಿ, ಹರವಿದ ಬಟ್ಟೆ, ಕೆಳಗಿನ ಬೀದಿ ಎಲ್ಲವೂ ಕಾಮನಬಿಲ್ಲಿನ ಬಣ್ಣ ಹಚ್ಚಿಕೊಂಡು ಮೆಲ್ಲಗೆ ಜಾರುತ್ತಿವೆ. ತಂಗಿ ಗೋಡೆ ಮುಟ್ಟಿ, ಒಳಗೊಂದು ಮೈ, ಹೊರಗೊಂದು ಮೈ ಎಂದು ತಾನೇ ಕಂಡುಕೊಳ್ಳುತ್ತಾಳೆ.

"ಅಕ್ಕಾ, ಒಳಗೆ ಕೂತ್ಕೊಂಡು ಹೊರಗಡೆ ಹೇಗೆ ಮುಟ್ಲಿ? ನನ್ ಕೈ ಏನು ಮೂರು ಮೀಟರಾ?" ಕಥೆಯ ತಂಗಿ ತಕರಾರು ತೆಗೆದಳು.

"ಕನಸು ಕಣೇ ಇದು."

"ಕನಸಲ್ಲಾದ್ರೂ ನೀನೇ ಬಾಯ್ಬಿಟ್ಟು ಹೇಳ್ಬಾರ್ದಾ?"

(ಹೊಡೆದುಹಾಕಿದೆ.)

೫
ಎರಡನೆಯ ಮುಕ್ತಾಯ: ನಾನು ಹೇಳುತ್ತೇನೆ. ಅವಳು ನಗುತ್ತಾಳೆ. "ಅಯ್ಯೋ, ಅದು ನಂಗೆ ಯಾವಾಗ್ಲೋ ಗೊತ್ತು. ನೀನು ಬೇಜಾರು ಮಾಡ್ಕೋತೀಯ ಅಂತ ಸುಮ್ನಿದ್ದೆ."

ಎಷ್ಟು ಹಿತವಾಗಿದೆ! ಇಷ್ಟು ಹಿತವಾಗಿದೆ ಎಂದರೆ ಬರೆದವಳು ನಾನೇ, ಅನುಮಾನವಿಲ್ಲ.

೬
"ಅಕ್ಕಾ, ಹೊರಟೆ." ಇದು ನಿಜದ ತಂಗಿ, ಬಾಗಿಲಲ್ಲಿ. "ಏನೇ ಅದು, ಇವತ್ತೂ ಡೈರಿನಾ? ನನ್ ಬಗ್ಗೆ ಏನೂ ಬರೀಬೇಡ, ಮಾರಾಯ್ತಿ. ಏನಾದ್ರೂ ಹೇಳೋದಿತ್ತಾ?"

"ನೀರು ಬಾಟ್ಲಿ?"

"ಇಟ್ಕೊಂಡೆ. ಅಷ್ಟೇನಾ?"

"ಹ್ಞೂಂ."

ಚಪ್ಪಲಿಯ ಸದ್ದು ಮೆಟ್ಟಿಲಿಳಿಯುತ್ತಿದೆ. ಮೂರು ಮಹಡಿ. ಅಷ್ಟರಲ್ಲಿ ಇನ್ನೊಂದು ಮುಕ್ತಾಯ ಬರೆಯಬಹುದು, ಕೈಯೂ ಚೆನ್ನಾಗಿ ಓಡುತ್ತಿದೆ. ಆದರೆ ಈಗಷ್ಟೇ ಹೊಳೆಯಿತು: ಹೋದ ವರ್ಷ ಅನುಮಾನ ಹುಟ್ಟಿಸಿದವಳಿಗೆ ಸರಿಯುತ್ತರ ಗೊತ್ತಿರಲಿಲ್ಲ. ನನಗೆ ಗೊತ್ತಿದೆ.

ಎರಡನೇ ಮಹಡಿ.

ಕ್ಷಮಿಸಿ, ಓದುಗರೇ, ಬರೆಯುತ್ತಿರುವಷ್ಟು ಹೊತ್ತೂ ನಾನು ತಂಗಿಗೆ ಹೇಳುವುದಿಲ್ಲ. ಅವಳು ಏನಂದಳು, ಪರೀಕ್ಷೆ ಏನಾಯಿತು ಎಂದು ನನ್ನನ್ನು ಕೇಳಬೇಡಿ. ಈ ವಾಕ್ಯವನ್ನು ಇಲ್ಲೇ ಬಿಟ್ಟು, ಬರಿಗಾಲಲ್ಲೇ