ಸಾವಿನ ಮನೆಯ ಕ್ಯಾಮೆರಾ

"ಗಟ್ಟಿಮೇಳ, ಗಟ್ಟಿಮೇಳ!" ಎಂಬ ಕೂಗು ಬೀಳುತ್ತಲೇ ಹೊನ್ನಾಳಿಯ ಆ ಛತ್ರದ ಅರ್ಧ ಜನ ಮಂಟಪಕ್ಕೆ ನುಗ್ಗಿದರು. ಅಕ್ಷತೆ ಹಿಡಿದವರಿಗಿಂತ ಮೊಬೈಲ್ ಹಿಡಿದವರೇ ಹೆಚ್ಚು. ಆ ನೂಕುನುಗ್ಗಲಲ್ಲಿ ಫೋಟೋಗ್ರಾಫರ್ ಕೆಂಚೇಶ್ ತನ್ನ ದೊಡ್ಡ ಕ್ಯಾಮೆರಾ ಸಮೇತ ಎಲ್ಲೋ ಕಳೆದುಹೋದ. ಅವನ ಅತ್ತಿಗೆ ಪುಷ್ಪಾ ಊಟದ ಹಾಲ್‌ನ ಬಾಗಿಲಲ್ಲಿ ಅವನ ಚೀಲ ಕಾಯುತ್ತ ನಿಂತಿದ್ದಳು. ತಡೆಯಲಾಗಲಿಲ್ಲ. ಒಂದು ಕುರ್ಚಿ ಹತ್ತಿ, ಸೆರಗಿನ ಮರೆಯಲ್ಲಿದ್ದ ಸಣ್ಣ ಕ್ಯಾಮೆರಾ ತೆಗೆದು ಜೂಮ್ ಎಳೆದಳು. ಅದರ ಮೂತಿ ಉದ್ದವಾಯಿತು. ದೂರದ ಮದುಮಗಳು ಮೇಘಶ್ರೀ ಕೈಗೆ ಸಿಗುವಷ್ಟು ಹತ್ತಿರ ಬಂದಳು. ತಾಳಿಯ ಗಂಟು ಬೀಳುವಾಗ ಅವಳು ಕಣ್ಣೆತ್ತಿ ತನ್ನ ತಾಯಿಯನ್ನು ನೋಡಿದಳು. ಪುಷ್ಪಾ ಬಟನ್ ಒತ್ತಿದಳು.

ನ್ಯಾಮತಿಯ ಅವರ ಸ್ಟುಡಿಯೋದಲ್ಲಿ ಇದ್ದದ್ದೇ ಈ ಎರಡು ಕ್ಯಾಮೆರಾ. ಎರಡನ್ನೂ ತಂದವನು ಪುಷ್ಪಾಳ ಗಂಡ ಗುರುಸ್ವಾಮಿ. ದೊಡ್ಡದು ಡಿಎಸ್‌ಎಲ್‌ಆರ್. ಆ ಜಾತಿಯಲ್ಲಿ ತೀರ ಸಾಧಾರಣದ್ದಾದರೂ ಮಂದ ಬೆಳಕಲ್ಲೂ ಮುಖ ತಿಳಿಯಾಗಿ ಬರುತ್ತಿತ್ತು, ಹಿಂದಿನ ಗೋಡೆ ಹದವಾಗಿ ಮಬ್ಬಾಗುತ್ತಿತ್ತು. ಆದರೆ ಜೊತೆಗೆ ಬಂದ ಲೆನ್ಸು ಹತ್ತಿರದ್ದಕ್ಕೆ ಮಾತ್ರ. ದೂರದ್ದಕ್ಕೆ ಬೇರೆ ಲೆನ್ಸು ತರುವ ಮುನ್ನವೇ ಗುರುಸ್ವಾಮಿ ತೀರಿಕೊಂಡ. ಸಣ್ಣದು ಸೂಪರ್‌ಜೂಮ್. ಬೆಳಕು ಕಡಿಮೆಯಾದರೆ ಚಿತ್ರದ ಮೇಲೆ ರವೆ ಚೆಲ್ಲಿದಂತಾಗುತ್ತಿತ್ತು. ಬೆಳಕಿದ್ದರೆ ಹೊಳೆಯಾಚೆಯ ಕೊಕ್ಕರೆಯನ್ನೂ ಎಳೆದು ತರುತ್ತಿತ್ತು. "ದೊಡ್ಡದು ಹತ್ರ ಬಾ ಅಂತೈತೆ, ಸಣ್ಣದು ದೂರ ನಿಂತ್ಕೊ ಅಂತೈತೆ. ಎಲ್ಡೂ ಬೇಕು ಪುಷ್ಪಾ" ಎನ್ನುತ್ತ ಗುರುಸ್ವಾಮಿ ಎರಡನ್ನೂ ಅವಳಿಗೆ ಕಲಿಸಿದ್ದ.

ಅವನು ಹೋದ ಮೇಲೆ ಮೈದುನ ಕೆಂಚೇಶ್ ಕ್ಯಾಮೆರಾಗಳನ್ನು ಪಾಲು ಮಾಡಿದ. ದೊಡ್ಡದು ಮದುವೆಗೆ, ಸಣ್ಣದು ಸಾವಿನ ಮನೆಗೆ. ಹೆಣವನ್ನು ಕುರ್ಚಿಯಲ್ಲಿ ಕೂರಿಸಿ, ವಿಭೂತಿ ಹಚ್ಚಿ, ಸುತ್ತ ಮನೆಮಂದಿ ನಿಂತು ಕಡೆಯ ಫೋಟೋ ತೆಗೆಸಿಕೊಳ್ಳುವುದು ಅವರ ಕಡೆಯ ವಾಡಿಕೆ. ಹೆಣ ಕಂಡ ಕ್ಯಾಮೆರಾ ಹಸೆಮಣೆ ಕಾಣಬಾರದು ಎಂಬುದೂ ವಾಡಿಕೆಯೇ. ಗಂಡ ಸತ್ತವಳನ್ನು ಮದುವೆಗೆ ಯಾರು ಕರೆದಾರು? ಸಾವಿನ ಮನೆಗಳಿಗೆ ಪುಷ್ಪಾ ಹೋದಳು. ಮೈಲಿಗೆ ಕ್ಯಾಮೆರಾಕ್ಕೆ ಅಂಟಿತ್ತೋ, ಅದನ್ನು ಹಿಡಿದವಳಿಗೋ, ಊರವರು ಬಿಡಿಸಿ ಹೇಳಲಿಲ್ಲ. ಮುಚ್ಚಿದ ಕಣ್ಣುಗಳನ್ನೇ ತೆಗೆದು ತೆಗೆದು ಅವಳಿಗೆ ಸಾಕಾಗಿತ್ತು. ಬೆಳಿಗ್ಗೆ ಬಸ್ಸಿನಲ್ಲಿ ಕೆಂಚೇಶನನ್ನು ಕೇಳಿಯೂ ಇದ್ದಳು.

"ಇವತ್ತು ದೂರ ನಿಂತ್ಕೊಂಡು ಒಂದ್ ಫೋಟೋ ನಾನೂ ತೆಗಿತೀನಿ. ಚೆನ್ನಾಗಿ ಬಂದ್ರೆ ಮುಂದಿನ ಮದ್ವೆಗೆ ದೊಡ್ಡದು ನನ್ ಕೈಗೆ ಕೊಡು."

"ಜನ ಒಪ್ಪಬೇಕಲ್ಲ ಅತ್ತಿಗೆ? ಅವ್ರು ಒಪ್ಪಿದ್ರೆ ನಂದೇನೂ ಇಲ್ಲ."

ಈಗ ಅವನು ಬೆವರು ಒರೆಸಿಕೊಳ್ಳುತ್ತ ಬಂದ. ಅವನ ಕ್ಯಾಮೆರಾದ ತುಂಬ ಜನರ ಬೆನ್ನುಗಳು. ಮದುಮಗಳ ಮುಖ ಇರಬೇಕಾದಲ್ಲಿ ಯಾರದೋ ಮೊಬೈಲ್. "ಜನ ಹಿಂಗೆ ಅಡ್ಡ ಬಂದ್ರೆ ಹೆಂಗೆ ತೆಗಿಯಾಕಾಗುತ್ತೆ?" ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪುಷ್ಪಾ ತನ್ನ ಕ್ಯಾಮೆರಾ ಮುಂದೆ ಹಿಡಿದಳು. ಅವನು ಬಗ್ಗಿ ನೋಡಿದ, ಮತ್ತೆ ನೋಡಿದ.

"ಬಂದೈತೆ ಅತ್ತಿಗೆ! ಇದು ಫೋಟೋ ಅಂದ್ರೆ!"

ಅವನೇ ಅದನ್ನು ಮದುಮಗಳ ತಾಯಿ ಭೀಮಕ್ಕನ ಬಳಿಗೆ ಒಯ್ದ. ಭೀಮಕ್ಕ ನೋಡಿದಳು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. "ನನ್ ಮಗಳು ನನ್ನೇ ನೋಡ್ತಾ ಐತೆ, ನೋಡ್ರೇ!" ಎಂದು ಪಕ್ಕದವರನ್ನೆಲ್ಲ ಕರೆದಳು. "ಯಾರಪ್ಪ ತೆಗ್ದಿದ್ದು?"

"ನಮ್ ಅತ್ತಿಗೆ" ಎಂದ ಕೆಂಚೇಶ್. ನಾಲ್ಕು ಜನರೆದುರು ಹೇಳಿದ. ಪುಷ್ಪಾಳಿಗೆ ನಿಂತಲ್ಲೇ ಕಣ್ಣು ತುಂಬಿತು.

ಕ್ಯಾಮೆರಾ ಕೈಯಿಂದ ಕೈಗೆ ಹೋಗಿ ಗಂಡಿನ ಸೋದರತ್ತೆ ಹುಲಿಗೆಮ್ಮನಿಗೆ ಸಿಕ್ಕಿತು. ಅವಳು ಅದನ್ನು ತಿರುಗಿಸಿ ನೋಡಿದಳು, ಆಮೇಲೆ ಪುಷ್ಪಾಳನ್ನು ನೋಡಿದಳು.

"ನಮ್ ಬೈಲಪ್ಪ ಸತ್ತಾಗ ಅವನ್ನ ಕುಂದ್ರಿಸಿ ತೆಗ್ದ ಕ್ಯಾಮೆರಾ ಅಲ್ಲೇನವ್ವ ಇದು? ನೀನೇ ಅಲ್ವಾ ಬಂದಿದ್ದು?"

ಪುಷ್ಪಾ ಹೌದೆಂದು ತಲೆಯಾಡಿಸಿದಳು. ಹುಲಿಗೆಮ್ಮ ಕ್ಯಾಮೆರಾವನ್ನು ಕಾದ ಹಂಚು ಮುಟ್ಟಿದವಳಂತೆ ಕುರ್ಚಿಯ ಮೇಲಿಟ್ಟು ಕೈ ಒರೆಸಿಕೊಂಡಳು. ಭೀಮಕ್ಕನ ಮುಖ ಬಿಳಿಚಿತು.

"ಇರ್ಲಿ ಬಿಡವ್ವ, ಚೆನ್ನಾಗೈತಲ್ಲ" ಎಂದಳು ಮೇಘಶ್ರೀ.

"ನೀನು ಸುಮ್ನಿರು." ಭೀಮಕ್ಕ ಪುಷ್ಪಾಳ ಕಡೆ ತಿರುಗಿದಳು. "ತಾಳಿ ಕಟ್ಟಿದ ಗಳಿಗೆ ತಾಯೀ. ಅಳಿಸಿಬಿಡು. ನಿನ್ಗೆ ಕೈ ಮುಗಿತೀನಿ."

ಪುಷ್ಪಾ ಕೆಂಚೇಶನನ್ನು ನೋಡಿದಳು. ಅವನು ತನ್ನ ಲೆನ್ಸು ಒರೆಸುವುದರಲ್ಲಿ ಮಗ್ನನಾಗಿದ್ದ. ಗುರುಸ್ವಾಮಿಯನ್ನು ಕುರ್ಚಿಯಲ್ಲಿ ಕೂರಿಸಿದ ದಿನ, ಅಣ್ಣನದು ಚೆನ್ನಾಗಿ ಬರಲಿ ಎಂದು ಇವನೇ ದೊಡ್ಡ ಕ್ಯಾಮೆರಾದಲ್ಲಿ ತೆಗೆದಿದ್ದ. ಅಳುವ ಗದ್ದಲದಲ್ಲಿ ಯಾವ ಕ್ಯಾಮೆರಾ ಎಂದು ಯಾರು ನೋಡುತ್ತಾರೆ? ತಿಂಗಳು ತುಂಬುವ ಮೊದಲೇ ಅದು ಮತ್ತೆ ಮದುವೆಗಳಿಗೆ ಹೋಗಿತ್ತು. ಅದು ಗೊತ್ತಿದ್ದದ್ದು ಅವರಿಬ್ಬರಿಗೇ.

ಅವಳು ಅವನ ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು. "ನಿಮ್ಮಣ್ಣನ್ನ ಯಾವುದ್ರಾಗೆ ತೆಗ್ದೆ? ಹೇಳು ಇವ್ರಿಗೆ."

"ಬ್ಯಾಡ ಅತ್ತಿಗೆ, ಕಾಲಿಗೆ ಬೀಳ್ತೀನಿ. ಅಂಗಡಿ ಮುಚ್ಚಬೇಕಾಗುತ್ತೆ."

ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಡಿದ್ದರೆ ಬೆಳಿಗ್ಗೆಯಿಂದ ತೆಗೆದ ಫೋಟೋಗಳೆಲ್ಲ ಮೈಲಿಗೆ, ಅವುಗಳ ಜೊತೆ ಆ ಹುಡುಗಿಯ ಮದುವೆಯೂ. ಮೇಘಶ್ರೀ ಇನ್ನೂ ಅವಳನ್ನೇ ನೋಡುತ್ತಿದ್ದಳು. ಪುಷ್ಪಾ ಕುರ್ಚಿಯ ಮೇಲಿದ್ದ ಕ್ಯಾಮೆರಾ ಎತ್ತಿಕೊಂಡು ಅಳಿಸುವ ಬಟನ್ ಒತ್ತಿದಳು. ನಿಜವಾಗಿಯೂ ಅಳಿಸಲೇ ಎಂದು ಕ್ಯಾಮೆರಾ ಕೇಳಿತು. ಅದೊಂದಾದರೂ ಕೇಳಿತಲ್ಲ ಅನಿಸಿತು ಅವಳಿಗೆ. ಹೌದು ಎಂದು ಒತ್ತಿದಳು.

"ಬರ್ರಿ ಬರ್ರಿ, ಹೆಣ್ಣಿನ ಕಡೇರು ಬರ್ರಿ" ಎಂದು ಕೆಂಚೇಶ್ ಗಂಟಲೇರಿಸಿ ಕೂಗಿದ. ಭೀಮಕ್ಕ ಕಣ್ಣೊರೆಸಿಕೊಂಡು ಮಗಳ ಪಕ್ಕ ಹೋಗಿ ನಿಂತಳು.

"ದೊಡ್ಡ ಕ್ಯಾಮೆರಾದಾಗೆ ತೆಗಿತಿದೀಯಲ್ಲಪ್ಪ?"

"ಹೂಂ ಅಮ್ಮ, ದೊಡ್ಡದ್ರಾಗೆ. ಸ್ವಲ್ಪ ನಗ್ರಿ."

ಭೀಮಕ್ಕ ಸೆರಗು ಸರಿಮಾಡಿಕೊಂಡು, ಆ ಲೆನ್ಸನ್ನೇ ನೋಡುತ್ತ ಬಾಯ್ತುಂಬ ನಕ್ಕಳು.