ರಕ್ಷಾ ಡಾಕ್ಟರಿಗೆ ಕಾಣದ್ದು

ಮೂಡಿಗೆರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಹೊಟ್ಟೆ ಸ್ಕ್ಯಾನಿಂಗ್ ಅಂದರೆ ಡಾಕ್ಟರ್ ಓಂಕಾರಪ್ಪನವರೇ. ಈಗ ನೋಡಿ, ಮೊನ್ನೆ ಮೊನ್ನೆ ಓದು ಮುಗಿಸಿದ ರಕ್ಷಾ ಎಂಬ ಹುಡುಗಿ ಬಸ್ ಸ್ಟ್ಯಾಂಡಿನೆದುರು ಹೊಸ ಮೆಷಿನ್ ಇಟ್ಟುಕೊಂಡು ಕೂತಿದ್ದಾಳೆ, ಜಾವಳಿಯಿಂದ ಕಳಸದವರೆಗಿನ ಜನವೆಲ್ಲ ಅವಳ ಬಾಗಿಲಲ್ಲಿ! ಓಂಕಾರಪ್ಪನವರಿಗೆ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂತಾಗುತ್ತಿತ್ತು. "ಕೈ ಹಗುರವಂತೆ, ಮಾತು ಬೆಣ್ಣೆಯಂತೆ! ಮಾತಿಗೆ ಲಿವರ್ ಕಾಣುತ್ತೇನೋ?" ಎಂದು ಕಾಂಪೌಂಡರನ ಮೇಲೆ ಹರಿಹಾಯುತ್ತಿದ್ದರು.

ಅಷ್ಟಕ್ಕೇ ಮುಗಿದಿದ್ದರೆ ಸರಿ. ಭಾನುವಾರ ಬೀರುವಿನಲ್ಲಿ ಏನೋ ಹುಡುಕುವಾಗ ರಕ್ಷಾಳ ಸೆಂಟರಿನ ರಿಪೋರ್ಟೊಂದು ಕೈಗೆ ಬಂತು. ಹೆಸರು ಸರ್ವಮಂಗಳಾ. ಅವರ ಹೆಂಡತಿ! ಲಿವರ್ ನಾರ್ಮಲ್ ಎಂದು ಬರೆದಿತ್ತು.

"ಊರೆಲ್ಲ ಹೋಗ್ಲಿ, ನೀನೂನಾ ಮಾರಾಯ್ತಿ?"

"ಬಲಗಡೆ ಪಕ್ಕೇಲಿ ಸಣ್ಣಗೆ ನೋವಿತ್ತು. ನಿಮಗೆ ಹೇಳಿದ್ರೆ ಹೆದರ್ತೀರಿ ಅಂತ..."

ಹೆದರುವುದಂತೆ! ಸ್ವಂತ ಹೆಂಡತಿಯ ಹೊಟ್ಟೆಯನ್ನೂ ಆ ರಕ್ಷಾಳೇ ನೋಡಿದಳಲ್ಲ ಎಂಬುದೊಂದೇ ಅವರನ್ನು ಸುಡುತ್ತಿತ್ತು. ಆ ರಿಪೋರ್ಟಿನಲ್ಲಿ ಒಂದಾದರೂ ತಪ್ಪು ಹುಡುಕದಿದ್ದರೆ ತಾನು ಓಂಕಾರಪ್ಪನೇ ಅಲ್ಲ ಎಂದುಕೊಂಡರು.

ಮರುದಿನ ಬೆಳಗ್ಗೆ ಹೆಂಡತಿಯನ್ನು ತಮ್ಮ ಸೆಂಟರಿಗೆ ಕರೆತಂದು ಮಲಗಿಸಿದರು.

"ಏನೂ ತಿಂದಿಲ್ಲ ತಾನೆ?"

"ಇಲ್ಲಪ್ಪ, ಬರೀ ಕಾಫಿ."

ಈ ಸೀಮೆಯಲ್ಲಿ ಕಾಫಿ ಯಾವತ್ತು ಲೆಕ್ಕಕ್ಕೆ ಬಂದಿದೆ! ಗೊಣಗುತ್ತಲೇ ಜೆಲ್ ಹಚ್ಚಿದರು.

ಎದುರಿನಿಂದ ನೋಡಿದರು, ಏನಿಲ್ಲ. ಪಕ್ಕೆಲುಬಿನ ಸಂದಿಯಿಂದ ನೋಡಿದರು, ಏನಿಲ್ಲ. ಛೆ, ಹುಡುಗಿ ಸರಿಯಾಗೇ ನೋಡಿದ್ದಾಳೆ. ಆದರೂ ಹಠ ಬಿಡಲಿಲ್ಲ. "ಎಡಕ್ಕೆ ಹೊರಳು. ಉಸಿರೆಳೆದು ಹಿಡ್ಕೋ." ಲಿವರಿನ ನೆತ್ತಿ, ಶ್ವಾಸಕೋಶದ ಮರೆಯಲ್ಲಿರುವ, ಅವಸರದವರು ಬಿಟ್ಟುಬಿಡುವ ಜಾಗ, ಪರದೆಯ ಮೇಲೆ ಬಂತು. ಅಲ್ಲಿತ್ತು. ಸಣ್ಣ ನಿಂಬೆಹಣ್ಣಿನಷ್ಟು ಗಂಟು, ಸುತ್ತ ಕಪ್ಪು ಅಂಚು.

"ಸಿಕ್ತು!" ಎಂದರು, ಮುಖದ ತುಂಬ ನಗು. ಅಂಥ ಖುಷಿಯಾಗಿ ಎಷ್ಟು ತಿಂಗಳಾಗಿತ್ತು! ರಕ್ಷಾಳ ರಿಪೋರ್ಟಿನ ಮೇಲೆ ಕೆಂಪು ಗೀಟೆಳೆದು ಊರಿಗೆಲ್ಲ ತೋರಿಸಬೇಕು. ಗಂಟಿನ ಅಳತೆ ತೆಗೆದು, ಅಭ್ಯಾಸದಂತೆ ಪೇಷೆಂಟಿನ ಹೆಸರು ಟೈಪ್ ಮಾಡಲು ಹೋದರು. ಮೊದಲ ಅಕ್ಷರಕ್ಕೇ ಕೈ ನಿಂತಿತು. ಕಪ್ಪು ಅಂಚಿನ ಗಂಟು ಒಳ್ಳೆಯ ಲಕ್ಷಣವಲ್ಲ ಎಂದು ಇಷ್ಟು ವರ್ಷ ಎಷ್ಟೋ ಗಂಡಂದಿರಿಗೆ ಹೇಳಿ ಕಳಿಸಿದವರು ಅವರೇ.

ಸರ್ವಮಂಗಳಾ ಉಸಿರು ಬಿಟ್ಟು, ಗಂಡನ ಕೈ ಹಿಡಿದುಕೊಂಡರು.

"ಅಬ್ಬ! ನೀವು ನಕ್ಕಿದ್ದು ನೋಡಿ ಹೋದ ಜೀವ ಬಂತು ನಂಗೆ. ಏನೂ ಇಲ್ಲ ಅಲ್ವಾ?"