ಬಸ್ ಸ್ಟಾಪಿಗೆ ಏಳು ನಿಮಿಷ

ಊರು ಬಾಳುವುದಕ್ಕೆ ಹೇಗಿದೆ ಎಂದು ಕೇಳಿ ಬರೆದುಕೊಳ್ಳಲು ನಗರಸಭೆಯಿಂದ ಒಬ್ಬ ಹೆಂಗಸು ಬಂದಾಗ, ಕೇಳಿಸಿಕೊಳ್ಳುವ ಮೊದಲೇ ಉತ್ತರ ಹೇಳಲು ಅಣ್ಣ ಕುರ್ಚಿ ಎಳೆದುಕೊಂಡು ಕೂತ. ತಂಗಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು.

ಅವಳಿಗೆ ಇಪ್ಪತ್ತು ವರ್ಷ. ಅಪ್ಪ ಅಮ್ಮ ಹೋದ ಮೇಲೆ ಉಳಿದವರು ಇಬ್ಬರೇ. ಅಣ್ಣ ಆಂಬ್ಯುಲೆನ್ಸ್ ಓಡಿಸುತ್ತಿದ್ದ. ಉಳಿದವರು ಊರನ್ನು ಅಂಗಡಿ, ಸಿನಿಮಾ ಮಂದಿರಗಳಿಂದ ಗುರುತು ಹಿಡಿದರೆ, ಅವನಿಗೆ ಒಂದೊಂದು ತಿರುವೂ ಅಲ್ಲಿ ಬಿದ್ದವರಿಂದ ಗುರುತು. ಹಾಗಾಗಿ ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದ. ಕೆಟ್ಟವನಲ್ಲ. ಒಂದು ದಿನವೂ ಬರಿಗೈಯಲ್ಲಿ ಮನೆಗೆ ಬಂದವನಲ್ಲ.

ಬಸ್ ಸ್ಟಾಪಿನ ಪಕ್ಕದ ಟೈಲರ್ ಅಂಗಡಿಯ ಮಾಸ್ತರರಿಗೆ ಕಾಲರ್ ಹೊಲಿಯುವವರು ಬೇಕಾಗಿದ್ದರು. ಮನೆಯಲ್ಲೇ ಅವಳು ಹೊಲಿದುಕೊಟ್ಟ ಅಂಗಿಯೊಂದನ್ನು ಕೆಳಮನೆಯವರ ಮೈಮೇಲೆ ನೋಡಿ, ಅವರ ಕೈಲೇ ಹೇಳಿಕಳಿಸಿದ್ದರು: ಭಾನುವಾರದೊಳಗೆ ಬಂದು ಹೊಲಿದು ತೋರಿಸಲಿ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ. ಇವತ್ತೇ ಭಾನುವಾರ. ಆರು ದಿನದಿಂದ ಅಣ್ಣನೆದುರು ಆ ಮಾತು ಗಂಟಲವರೆಗೆ ಬಂದು ವಾಪಸ್ಸು ಹೋಗುತ್ತಿತ್ತು.

"ಬರ್ಕೊಳ್ಳಿ," ಅಂದ ಅಣ್ಣ. "ರಸ್ತೆ ಸರಿಯಿಲ್ಲ. ಜನ ರಸ್ತೆಗಿಂತ ಸರಿಯಿಲ್ಲ."

"ನಿಮ್ಮ ಸಂಕಟ ಆಮೇಲೆ ಕೇಳ್ತೀನಿ. ಈ ಮನೇಲಿ ಪ್ರಶ್ನೆ ಕೇಳೋಕೆ ಪಟ್ಟಿಗೆ ಬಂದಿರೋದು ನಿಮ್ಮ ತಂಗಿ ಹೆಸರು."

"ಅವಳಿಗೇನು ಗೊತ್ತು? ನಾನಿದ್ದೀನಲ್ಲ."

"ನೀವೇನು ಅವಳ ವಕೀಲರಾ? ಸ್ವಲ್ಪ ಸುಮ್ನಿರಿ. ಹೇಳಮ್ಮ, ಕಳೆದ ವಾರ ಒಬ್ಬಳೇ ಎಷ್ಟು ಸಲ ಹೊರಗೆ ಹೋಗಿದ್ದೆ?"

ಅವಳು ಅಣ್ಣನನ್ನು ನೋಡಿದಳು. ಅಣ್ಣ ತನ್ನ ಕಾಲುಗುರು ನೋಡಿಕೊಂಡ.

"ಇಲ್ಲ."

"ಇಲ್ಲ ಅಂದ್ರೆ ಸೊನ್ನೆನಾ?"

"ಸೊನ್ನೆ."

"ಬಸ್ ಸ್ಟಾಪಿಗೆ ನಡೆದ್ರೆ ಎಷ್ಟು ಹೊತ್ತು?"

"ಗೊತ್ತಿಲ್ಲ."

"ಹತ್ತು ನಿಮಿಷ ಬರ್ಕೊಳ್ಳಿ," ಅಂದ ಅಣ್ಣ, ತಡೆಯಲಾರದೆ.

ಹೆಂಗಸು ಪೆನ್ನಿನ ಮುಚ್ಚಳ ಹಾಕಿದಳು. "ಅಂದಾಜು ಬರೆಯೋ ಹಾಗಿಲ್ಲ. ಗೊತ್ತಿಲ್ಲ ಅಂದವರ ಜೊತೆ ನಾನೇ ನಡೆದು, ಗಡಿಯಾರ ನೋಡಿ ಬರೀಬೇಕು. ನಡಿಯಮ್ಮ."

"ನಾನೂ ಬರ್ತೀನಿ."

"ಬೇಡ. ನಿಮ್ಮ ಹೆಜ್ಜೆಗೆ ಅವಳು ಓಡಬೇಕಾಗತ್ತೆ, ನನ್ನ ಲೆಕ್ಕ ಕೆಡತ್ತೆ."

ಸರಕಾರದ ಕಾಗದ ನೋಡಿ ಅಣ್ಣ ಎದ್ದು ಬಾಗಿಲು ತೆಗೆದ.

ನಾಲ್ಕು ಮಹಡಿ ಇಳಿದು ಇಬ್ಬರೂ ಬೀದಿಗೆ ಬಂದರು. ಕಾಲುದಾರಿಯ ಕಲ್ಲು ಎರಡು ಕಡೆ ಎದ್ದಿತ್ತು. ಒಂದು ಕಡೆ ಯಾರೋ ಬೈಕು ನಿಲ್ಲಿಸಿದ್ದರಿಂದ ರಸ್ತೆಗೇ ಇಳಿಯಬೇಕಾಯಿತು. ಹೆಂಗಸು ಎಲ್ಲವನ್ನೂ ಗುರುತು ಹಾಕಿಕೊಂಡಳು. ಸ್ಟಾಪಿನಲ್ಲಿ "ಏಳು" ಎಂದು ಬರೆದು, ಬಂದ ಬಸ್ಸು ಹತ್ತಿ, ಕಿಟಕಿಯಿಂದ ಕೇಳಿದಳು: "ವಾಪಸ್ಸು ದಾರಿ ಗೊತ್ತಲ್ಲ?"

ತಂಗಿ ಗೊತ್ತು ಎಂದು ತಲೆಯಾಡಿಸಿದಳು. ಬಸ್ಸು ಹೋದ ಮೇಲೆ ಟೈಲರ್ ಅಂಗಡಿಯ ಮೆಟ್ಟಿಲು ಹತ್ತಿದಳು.

ಮಾಸ್ತರರು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಒಂದು ತುಂಡು ಬಟ್ಟೆ ಮುಂದಿಟ್ಟರು. ಅವಳು ಕಾಲರ್ ಹೊಲಿದಳು. ಎರಡು ತುದಿಯನ್ನೂ ಒಂದರ ಮೇಲೊಂದಿಟ್ಟು ನೋಡಿ ಅವರು ಸೂಜಿ ತೆಗೆದರು. "ಕೈ ಮಾತಾಡತ್ತೆ, ಬಾಯೇ ಇಲ್ವಲ್ಲ ನಿಂಗೆ! ನಾಳೆ ಒಂಬತ್ತಕ್ಕೆ ಬಾ."

ಅವಳು ಹಿಂದಿರುಗಿದಾಗ ಅಣ್ಣ ಎರಡನೇ ಮಹಡಿಯ ಮೆಟ್ಟಿಲ ಮೇಲಿದ್ದ. ಅಂಗಿಯ ಗುಂಡಿಗಳು ತಪ್ಪು ಕಾಜಕ್ಕೆ ಬಿದ್ದಿದ್ದವು. ಫೋನಿನಲ್ಲಿ ಆಸ್ಪತ್ರೆಯವರನ್ನು ಕೇಳುತ್ತಿದ್ದ: "ಇಪ್ಪತ್ತು ವರ್ಷದ ಹುಡುಗಿ, ನೀಲಿ ಬಟ್ಟೆ, ಯಾರನ್ನಾದ್ರೂ ತಂದ್ರಾ?"

ಅವಳನ್ನು ಕಂಡವನೇ ಫೋನ್ ಇಳಿಸಿದ. ಅವನು ಬೈಯಲು ಬಾಯಿ ತೆರೆಯುವ ಮೊದಲೇ ಅವಳು ಹೇಳಿಬಿಟ್ಟಳು. ಕೆಲಸದ ವಿಷಯ, ಕಾಲರ್, ನಾಳೆ ಒಂಬತ್ತು ಗಂಟೆ. ಇಷ್ಟುದ್ದದ ಮಾತನ್ನು ಅವಳು ಅವನೆದುರು ಆಡಿದ್ದೇ ಇಲ್ಲ.

ಅಣ್ಣ ಮೆಟ್ಟಿಲ ಮೇಲೇ ಕುಸಿದು ಕೂತ. ತಪ್ಪಿದ ಗುಂಡಿ ಬಿಚ್ಚಿ ಹಾಕಿಕೊಳ್ಳುತ್ತಾ ಅಂದ: "ನಾನು ಏಳಕ್ಕೇ ಕೆಲಸಕ್ಕೆ ಹೋಗ್ತೀನಿ. ಒಂಬತ್ತಕ್ಕೆ ನಿನ್ನ ಬಿಡೋರು ಯಾರು?"

"ಒಬ್ಬಳೇ..."

"ಆ ಮಾತು ಎತ್ತಬೇಡ."

"ಹಾಗಾದ್ರೆ ಏಳಕ್ಕೇ ಬಿಡಣ್ಣ. ಕಾಯ್ತೀನಿ."

"ಎರಡು ಗಂಟೆ? ಎಲ್ಲಿ?"

"ಅಂಗಡಿ ಮೆಟ್ಟಿಲ ಮೇಲೆ."

ಮರುದಿನ ಬೆಳಿಗ್ಗೆ ಅವಳನ್ನು ಮೆಟ್ಟಿಲ ಮೇಲೆ ಕೂರಿಸಿ, "ಅಂಗಡಿ ತೆಗೆಯೋವರೆಗೂ ಇಲ್ಲಿಂದ ಏಳಬೇಡ, ಆಣೆ," ಎಂದು ಮೂರು ಸಲ ತಿರುಗಿ ನೋಡುತ್ತಾ ಹೋದ. ಅವಳು ಮೊಣಕಾಲು ಜೋಡಿಸಿ, ಕತ್ತರಿಯಿದ್ದ ಚೀಲವನ್ನು ಅವುಚಿಕೊಂಡು ಕೂತಳು. ಕಲ್ಲು ಮಂಜುಗಡ್ಡೆಯಂತಿತ್ತು. ಹೋಗುವವರು ಹೋಗುತ್ತಿದ್ದರು. ಯಾರೂ ಅವಳನ್ನು ಏನೂ ಕೇಳಲಿಲ್ಲ.

ಕಸ ಗುಡಿಸುವ ಹೆಂಗಸು ಹತ್ತಿರ ಬಂದಳು. "ಕಾಲೆತ್ತಮ್ಮ. ಅಂಗಡಿಗಾ? ಇನ್ನೂ ಒಂದೂವರೆ ಗಂಟೆ ಇದೆ. ಆ ಮೂಲೇಲಿ ಬಿಸಿಲು ಬಿದ್ದಿದೆ ನೋಡು, ಹೋಗಿ ನಿಂತ್ಕೋ."

"ಏಳಬಾರದು ಅಂದಿದ್ದಾನೆ."

"ಯಾರು?"

"ಅಣ್ಣ."

ಹೆಂಗಸು ಬೀದಿಯ ಆ ತುದಿ ಈ ತುದಿ ನೋಡಿದಳು. "ಎಲ್ಲಿದ್ದಾನಮ್ಮ ಅವನು?" ಎಂದು ನಕ್ಕು, ಗುಡಿಸುತ್ತಾ ಮುಂದೆ ಹೋದಳು.

ಅವಳು ಇನ್ನಷ್ಟು ಹೊತ್ತು ಕೂತೇ ಇದ್ದಳು. ಆಮೇಲೆ ಚೀಲವನ್ನು ಮೆಟ್ಟಿಲ ಮೇಲೆ ತನ್ನ ಜಾಗದಲ್ಲಿ ಇಟ್ಟು, ಅದು ಕಣ್ಣಿಗೆ ಕಾಣುವಷ್ಟು ದೂರಕ್ಕೆ ಮಾತ್ರ ಹೋಗಿ, ಬಿಸಿಲಿನಲ್ಲಿ ನಿಂತಳು.